ಸನ್ನತಿಯ ಥಂಡಿಗೆ ಯಾವ ಬಣ್ಣ?

ಚಳಿಗಾಲದ ಚಿತ್ರ ಬರೀರಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರ ಕುಂಚ ಸೀದಾ ಹಿಮ ಬಿದ್ದ ಪೈನ್ ಮರದ ಕಡೆಗೇ ಹೋಗುತ್ತದೆ. ವಿಡಿಯೊಗಳಲ್ಲಿ ಕಲಿಸೋದೇ ಅದು. ಆದರೆ ಡಿಸೆಂಬರ್ ಕೊನೆಯ ಮುಂಜಾನೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಮೇಲೆ ನಿಂತು ನೋಡಿ. ಥಂಡಿ ಇದೆ, ಹಿಮ ಇಲ್ಲ. ಈ ಥಂಡಿಯನ್ನು ಎಣ್ಣೆಬಣ್ಣದಲ್ಲಿ ತರೋದು ಹೇಗೆ?

ಸನ್ನತಿಗೆ ಹೋದವರು ಚಂದ್ರಲಾಂಬೆಯ ಗುಡಿ, ಕನಗನಹಳ್ಳಿಯ ಸ್ತೂಪ, ಅಲ್ಲಿ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ನೋಡಿ ಬರುತ್ತಾರೆ. ನೋಡಲೇಬೇಕು. ಆಮೇಲೆ ಹೊಲದ ಕಡೆ ತಿರುಗಿ. ಎರೆಮಣ್ಣು, ಬಿಳಿಜೋಳ, ಒಣಗಿ ಕಂದಾದ ತೊಗರಿ, ದೂರದಲ್ಲಿ ಮಸುಕಾದ ನದಿ. ಎಳ್ಳಮವಾಸಿಗೆ ಚರಗ ಚೆಲ್ಲಲು ಹೋದವರಿಗೆ ಇದು ಹೊಸ ನೋಟವೇನಲ್ಲ.

ಮೊದಲು ನೆರಳು. ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 50 ಡಿಗ್ರಿ ಮೇಲಷ್ಟೇ ಇರುತ್ತಾನೆ. 10 ಅಡಿ ಜಾಲಿಗಿಡಕ್ಕೆ ಆಗಲೂ 8 ಅಡಿಗೂ ಮೀರಿದ ನೆರಳು, ಬೆಳಗ್ಗೆಯಂತೂ ಹೊಲದುದ್ದಕ್ಕೂ. ಆ ನೆರಳಿಗೆ ನೇರ ಬಿಸಿಲಿಲ್ಲ, ಮುಖ್ಯವಾಗಿ ಆಕಾಶದ ನೀಲಿ ಬೆಳಕು ಬೀಳುತ್ತದೆ. ಹಾಗಾಗಿ ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿ. ನೀಲಿ ಹೆಚ್ಚಾದರೆ ತಣ್ಣನೆಯ ಬೂದು, ಸಿಯೆನ್ನಾ ಹೆಚ್ಚಾದರೆ ಎರೆಮಣ್ಣು. ಅದೇ ಬೂದಿಗೆ ಬಿಳಿ ಸೇರಿಸುತ್ತ ಹೋದರೆ ನದಿಯ ಆಚೆ ದಂಡೆ ದೂರ ಸರಿಯುತ್ತದೆ.

ಇಡೀ ಕ್ಯಾನ್ವಾಸ್ ನೀಲಿಯಾದರೆ ಮಾತ್ರ ಚಳಿ ಕಾಣಿಸದು. ಥಂಡಿ ಗೊತ್ತಾಗೋದೇ ಪಕ್ಕದಲ್ಲಿ ಬಿಸಿ ಇದ್ದಾಗ. ತೆಳು ಸಿಯೆನ್ನಾದಿಂದ ಕ್ಯಾನ್ವಾಸಿಗೆ ಮೊದಲೇ ಒಂದು ಕೈ ಬಳಿದು, ಮೇಲಿನ ಬೂದುಗಳ ಸಂದಿಯಲ್ಲಿ ಅದು ಅಲ್ಲಲ್ಲಿ ಇಣುಕಲಿ. ಬಿಸಿಲು ತಾಕಿದ ಜೋಳದ ಒಂದೇ ಪಟ್ಟಿಗೆ ಯೆಲ್ಲೋ ಓಕರ್ ಅನ್ನು ನೈಫ್‌ನಿಂದ ದಪ್ಪಗೆ ಎಳೆಯಿರಿ. ಕಂಡದ್ದನ್ನೆಲ್ಲ ಬರೆಯಬೇಕಿಲ್ಲ: ಕರೆಂಟ್ ಕಂಬ ಬಿಡಿ, ಆಕಾಶಕ್ಕೆ ಮುಕ್ಕಾಲು ಭಾಗ ಕೊಡಿ, ನೆರಳನ್ನು ಇರುವುದಕ್ಕಿಂತ ಉದ್ದ ಮಾಡಿ. ಫೋಟೊ ಬೇಕಿದ್ದರೆ ಮೊಬೈಲ್ ಇದ್ದೇ ಇದೆಯಲ್ಲ!

ಇನ್ನು ಎಣ್ಣೆಯ ವಿಷಯ. ಲಿನ್‌ಸೀಡ್ ಎಣ್ಣೆ ಅಂದರೆ ನಾವು ರೊಟ್ಟಿ ಜೊತೆ ತಿನ್ನೋ ಅಗಸಿ ಹಿಂಡಿಯದೇ ಬೀಜದ್ದು. ಬಿಳಿ ಬಣ್ಣವನ್ನು ಹಲವು ಬಾರಿ ಕುಸುಬೆ ಎಣ್ಣೆಯಲ್ಲಿ ಅರೆಯುತ್ತಾರೆ, ಅದು ಅಷ್ಟು ಬೇಗ ಹಳದಿಯಾಗದು. ಎರಡೂ ನಮ್ಮ ಹಿಂಗಾರಿ ಬೆಳೆಗಳೇ! ಈ ಎಣ್ಣೆಗಳು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಪಾಲಿಮರ್ ಆಗುತ್ತವೆ. ಅದಕ್ಕೇ ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲ್ಪದರಕ್ಕೆ ಎಣ್ಣೆ ಹೆಚ್ಚು. ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುತ್ತ, ಚಿತ್ರ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ.

ಇದೇ ಕ್ರಿಯೆ ಶಾಖವನ್ನೂ ಹುಟ್ಟಿಸುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹಾಸ್ಟೆಲ್ ರೂಮಿನ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿ, ಕಿಡಿಯೇ ಇಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಮುಗಿದ ಮೇಲೆ ಬಟ್ಟೆಯನ್ನು ಬಿಚ್ಚಿ ಹೊರಗೆ ಒಂದೊಂದಾಗಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.