ಸೋರುವ ಮಾಳಿಗೆಯ ಪದ

ಶಿಶುನಾಳ ಶರೀಫರ (1819–1889) ಸೋರುವ ಮಾಳಿಗೆಯ ತತ್ತ್ವಪದವನ್ನು ಅನೇಕರು 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕವೇ ಅರಿತಿರುವರು. ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಆ ಚಿತ್ರಕ್ಕೆ ಸಿ. ಅಶ್ವತ್ಥರು ಸಂಗೀತವನ್ನಿತ್ತರು.

ಮಾಳಿಗೆಯೆಂದರೆ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಸಮತಟ್ಟಾದ ಛಾವಣಿ. ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಗಟ್ಟಿಗೊಳಿಸದಿದ್ದರೆ ಅದು ಸೋರುವುದು. ದೇಹವೆಂಬ ಮನೆಯೂ ಅಂತೆಯೇ. ಅಜ್ಞಾನವೇ ಅದರ ಬಿರುಕು.

ಚಿತ್ರವು ಪದವನ್ನು ನಾಡಿನಾದ್ಯಂತ ಹರಡಿತು. ಆದರೆ ಒಂದೇ ಧಾಟಿಯಲ್ಲಿ ನಿಲ್ಲಿಸಿತು. ಭಜನಾಮೇಳದಲ್ಲಾದರೋ ಹಾಡುವವರು ಧಾಟಿಯನ್ನು ಬದಲಿಸುವರು, ನಡುನಡುವೆ ಅರ್ಥವನ್ನೂ ಬಿಡಿಸುವರು. ಬಮ್ಮಿಗಟ್ಟಿಯಿಂದ ನವಲಗುಂದದವರೆಗೆ ಇಂದು ಕಾಂಕ್ರೀಟಿನ ಮನೆಗಳೇಳುತ್ತಿವೆ. ಮಾಳಿಗೆಯನ್ನೇ ಕಾಣದ ವಿದ್ಯಾರ್ಥಿಗೆ ಈ ರೂಪಕವು ಬರಿಯ ಶಬ್ದವಾದೀತು. ಆದುದರಿಂದ ಪಾಠ ಹೇಳುವವರು ಮೊದಲು ಛಾವಣಿಯನ್ನು, ಬಳಿಕ ತತ್ತ್ವವನ್ನು ವಿವರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.