ಹಳೆಯ ಮಸಲ್ ಕಾರಿಗೆ ಎಂಥ ಟೈರು?

ಅಮೆರಿಕದ ಹಳೆಯ ಕಾರುಗಳ ಸಂಗ್ರಾಹಕರಲ್ಲಿ ದಶಕಗಳಿಂದ ಬಗೆಹರಿಯದ ವಿವಾದವೊಂದಿದೆ. 1960ರ ದಶಕದ ‘ಮಸಲ್ ಕಾರ್’ಗೆ ಅದು ಕಾರ್ಖಾನೆಯಿಂದ ಹೊರಬಂದಾಗ ಇದ್ದಂಥ ಟೈರನ್ನೇ ಹಾಕಬೇಕೆ ಅಥವಾ ಇಂದಿನ ರೇಡಿಯಲ್ ಟೈರು ಹಾಕಬೇಕೆ ಎಂಬುದೇ ಆ ವಿವಾದ. ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಹಟದಂತೆ ಕಾಣಬಹುದು. ಆದರೆ ಕಾರಿನ ಮಿಕ್ಕ ಭಾಗಗಳಿಗಿಲ್ಲದ ತೊಡಕೊಂದು ಟೈರಿಗಿದೆ. ಎಂಜಿನ್, ತಗಡು, ಸೀಟುಗಳನ್ನು ಐವತ್ತು ವರ್ಷ ಜೋಪಾನ ಮಾಡಬಹುದು. ರಬ್ಬರನ್ನು ಹಾಗೆ ಉಳಿಸಿಕೊಳ್ಳಲಾಗದು. ರಸ್ತೆಯಲ್ಲಿ ಓಡುವ ಕಾರಿನ ಟೈರು ಅಸಲಿಯಾಗಿ ಹಳೆಯದಾಗಿದ್ದೂ ಸುರಕ್ಷಿತವಾಗಿರುವುದು ಸಾಧ್ಯವಿಲ್ಲ.

ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಜೋಡಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರಿದ ಕಾರುಗಳೇ ಮಸಲ್ ಕಾರುಗಳು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಈ ಪರಂಪರೆಗೆ ನಾಂದಿ ಹಾಡಿತೆಂಬ ಮಾತಿದೆ. ಪಕ್ಕದಲ್ಲಿ ತೆಳುವಾದ ಕೆಂಪು ಗೆರೆಯಿದ್ದ 14 ಇಂಚಿನ ಟೈರು ಅದರ ಗುರುತುಗಳಲ್ಲೊಂದಾಗಿತ್ತು. ಆರು ವರ್ಷಗಳಲ್ಲಿ ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ, 1970ರ ಷೆವರ್ಲೆ ಷೆವೆಲ್‌ನ ಎಲ್‌ಎಸ್-6 ಎಂಜಿನ್, ಆಗಿನ ಅಳತೆಯ ಕ್ರಮದಂತೆ, 450 ಅಶ್ವಶಕ್ತಿಯದಾಗಿತ್ತು. ಟೈರು ಮಾತ್ರ ಆಗಲೂ 14 ಇಂಚಿನದೇ. ಅಷ್ಟೂ ಶಕ್ತಿ ನೆಲಕ್ಕೆ ಇಳಿಯಬೇಕಾದುದು ಹಿಂದಿನ ಎರಡು ಟೈರುಗಳು ರಸ್ತೆಯನ್ನು ಮುಟ್ಟುವ, ಹೆಚ್ಚುಕಡಿಮೆ ಅಂಗೈ ಅಗಲದ ಜಾಗದ ಮೂಲಕ.

ನೂಲಿನ ಎಳೆಯಲ್ಲಿದೆ ಗುಟ್ಟು

ಆ ಕಾಲದ ಟೈರುಗಳು ‘ಬಯಾಸ್ ಪ್ಲೈ’ ಜಾತಿಯವು. ನಮ್ಮಲ್ಲಿ ಇದಕ್ಕೆ ಕ್ರಾಸ್ ಪ್ಲೈ ಎಂಬ ಹೆಸರು. ಲಾರಿಯವರು ನೈಲಾನ್ ಟೈರು ಎನ್ನುವುದೂ ಇದನ್ನೇ. ರಬ್ಬರಿನೊಳಗಿನ ನೂಲಿನ ಪದರಗಳು ಇದರಲ್ಲಿ ಓರೆಯಾಗಿ, ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಹಾದುಹೋಗುತ್ತವೆ. ಹೀಗಾಗಿ ಟೈರಿನ ಪಕ್ಕ ಮತ್ತು ನೆಲ ಮುಟ್ಟುವ ಭಾಗ ಎರಡೂ ಒಂದೇ ಕಟ್ಟಿಗೆ ಸೇರಿರುತ್ತವೆ. ತಿರುವಿನಲ್ಲಿ ಪಕ್ಕ ಬಾಗಿದರೆ ನೆಲ ಮುಟ್ಟುವ ಭಾಗವೂ ಸೊಟ್ಟಗಾಗಿ, ಅದರ ಒಂದು ಅಂಚು ನೆಲ ಬಿಟ್ಟು ಏಳುತ್ತದೆ. ಹಿಡಿತ ತಗ್ಗುವುದು ಆಗಲೇ.

ರೇಡಿಯಲ್ ಟೈರಿನಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುತ್ತವೆ. ಅವುಗಳ ಮೇಲೆ, ನೆಲ ಮುಟ್ಟುವ ಭಾಗದ ಅಡಿಯಲ್ಲಿ, ಉಕ್ಕಿನ ಎಳೆಗಳ ಪಟ್ಟಿ ಸುತ್ತಿರುತ್ತದೆ. ಪಕ್ಕ ಎಷ್ಟೇ ಬಾಗಿದರೂ ತಳ ಸಪಾಟಾಗಿಯೇ ಉಳಿಯುತ್ತದೆ, ಬಿಸಿಯೇರುವುದೂ ಕಡಿಮೆ. ಫ್ರಾನ್ಸಿನ ಮಿಷೆಲಿನ್ ಕಂಪೆನಿ 1946ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿ, 1949ರಲ್ಲಿ ಮಾರಾಟಕ್ಕೆ ತಂದಿತು. ಅಮೆರಿಕದ ಕಾರ್ಖಾನೆಗಳು ಮಾತ್ರ ಇನ್ನೂ ಇಪ್ಪತ್ತು ವರ್ಷ ಮೀನಮೇಷ ಎಣಿಸಿದವು. ನಡುವಿನ ಪರಿಹಾರವಾಗಿ 1967ರಲ್ಲಿ ಗುಡ್‌ಇಯರ್ ಕಂಪೆನಿ ಓರೆ ಎಳೆಗಳ ಮೇಲೆ ಗಾಜುನಾರಿನ ಪಟ್ಟಿ ಸುತ್ತಿದ ‘ಪಾಲಿಗ್ಲಾಸ್’ ಟೈರನ್ನು ಹೊರತಂದಿತು. ದಪ್ಪ ಬಿಳಿ ಅಕ್ಷರಗಳ ಈ ಟೈರು ಮತ್ತು ಫೈರ್‌ಸ್ಟೋನ್‌ನ ‘ವೈಡ್ ಓವಲ್’ ಇಲ್ಲದೆ ಆ ಕಾಲದ ಕಾರಿನ ಚಿತ್ರವೇ ಪೂರ್ಣವಾಗದು.

ಓಡಿಸಿದರೆ ತಿಳಿಯುವ ವ್ಯತ್ಯಾಸ

ಬಯಾಸ್ ಪ್ಲೈ ಟೈರಿನ ಕಾರು ರಸ್ತೆಯ ಗೀರುಗಳನ್ನು ಹಿಂಬಾಲಿಸುತ್ತದೆ. ಹೆದ್ದಾರಿಯಲ್ಲಿ ಸ್ಟೀರಿಂಗನ್ನು ಪದೇ ಪದೇ ಅತ್ತಿತ್ತ ತಿದ್ದುತ್ತಲೇ ಇರಬೇಕು. ರಾತ್ರಿಯಿಡೀ ನಿಂತ ಕಾರಿನ ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ, ಬೆಳಿಗ್ಗೆ ಬಿಸಿಯೇರುವ ತನಕ ದಡದಡ ಎನ್ನುವುದೂ ಉಂಟು. ಒದ್ದೆ ರಸ್ತೆಯಲ್ಲಂತೂ ಇದು ರೇಡಿಯಲ್‌ಗೆ ಸಾಟಿಯಲ್ಲ.

ಆದರೂ ಇದನ್ನೇ ಬಯಸುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಈ ಟೈರು ಬೇಗ ಜಾರುತ್ತದೆ ನಿಜ, ಆದರೆ ಕೀರಲು ದನಿಯಿಂದ ಮುಂಚಿತವಾಗಿ ಎಚ್ಚರಿಸಿ, ನಿಧಾನವಾಗಿ ಜಾರುತ್ತದೆ. ರೇಡಿಯಲ್ ಹೆಚ್ಚು ಹೊತ್ತು ಹಿಡಿದುಕೊಂಡು, ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. 1960ರ ದಶಕದ ಎಂಜಿನಿಯರುಗಳು ಸ್ಪ್ರಿಂಗು, ಸ್ಟೀರಿಂಗುಗಳನ್ನು ಹೊಂದಿಸಿದ್ದು ಬಯಾಸ್ ಪ್ಲೈ ಟೈರಿಗಾಗಿಯೇ. ಆ ಕಾರು ಅಂದು ಹೇಗೆ ಓಡುತ್ತಿತ್ತು ಎಂದು ಅರಿಯಬೇಕಾದವರಿಗೆ ಬೇರೆ ದಾರಿಯಿಲ್ಲ.

ಹಣದ ಲೆಕ್ಕವೂ ಇದೆ. 2014ರ ಜೂನ್‌ನಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಕಾರೊಂದು 35 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಇಂಥ ಮಾರುಕಟ್ಟೆಯಲ್ಲಿ ಅಸಲಿತನವೇ ಬೆಲೆ. ಕಾರ್ವೆಟ್ ಕಾರುಗಳಿಗಾಗಿ 1974ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯಂಥ ಸಂಸ್ಥೆಗಳ ತೀರ್ಪುಗಾರರು ಟೈರಿನ ಮಾದರಿ, ಗಾತ್ರಗಳನ್ನೂ ಪರಿಶೀಲಿಸುತ್ತಾರೆ. ಮೂಲದಂತಿಲ್ಲದಿದ್ದರೆ ಅಂಕ ಕಡಿತ.

ಹಳೆಯದೆಂದರೆ ಎರಡು ಬಗೆ

‘ಆ ಕಾಲದ ಟೈರು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಪಾಯ ಅಡಗಿರುವುದು ಇವೆರಡನ್ನು ಬೆರೆಸಿಕೊಳ್ಳುವುದರಲ್ಲಿ. ಮೊದಲನೆಯದು, 1960-70ರ ದಶಕದಲ್ಲೇ ತಯಾರಾಗಿ ಎಲ್ಲೋ ಗೋದಾಮಿನಲ್ಲಿ ಬಳಕೆಯಾಗದೆ ಉಳಿದದ್ದು. ಎರಡನೆಯದು, ಆ ಕಾಲದ ವಿನ್ಯಾಸದಲ್ಲಿ ಹೊಸ ರಬ್ಬರಿನಿಂದ ಈಗ ಎರಕ ಹೊಯ್ದದ್ದು. ಟೆನೆಸಿ ರಾಜ್ಯದಲ್ಲಿ 1958ರಲ್ಲಿ ಆರಂಭವಾದ ಕೋಕರ್ ಟೈರ್ ಕಂಪೆನಿ ಈ ಎರಡನೆಯ ಬಗೆಗೆ ಹೆಸರಾಗಿದೆ. ಫೈರ್‌ಸ್ಟೋನ್, ಬಿಎಫ್ ಗುಡ್‌ರಿಚ್ ಮೊದಲಾದ ಹಳೆಯ ಹೆಸರುಗಳಲ್ಲೇ ಅದು ಟೈರು ಮಾರುತ್ತದೆ.

ಎರಡನೆಯ ಬಗೆಯ ಟೈರು ಹಾಕಿ ಒಣ ರಸ್ತೆಯಲ್ಲಿ ತಾಳ್ಮೆಯಿಂದ ಓಡಿಸಲು ಅಡ್ಡಿಯಿಲ್ಲ. ಮೊದಲನೆಯದು ಪ್ರದರ್ಶನದ ಅಂಗಳಕ್ಕೆ ಮಾತ್ರ. ಟ್ರಕ್ಕಿನ ಮೇಲೆ ತಂದಿಳಿಸಿದ ಕಾರನ್ನು ಹತ್ತಡಿ ಸರಿಸಬಹುದು, ಅಷ್ಟೆ. ಬಳಸದೆ ಇಟ್ಟ ಟೈರು ಹೊಸದಾಗಿಯೇ ಇರುತ್ತದೆಂಬುದು ತಪ್ಪು ತಿಳಿವಳಿಕೆ. ರಬ್ಬರು ಒಡೆಯದಂತೆ ಅದರಲ್ಲಿ ಬೆರೆಸಿದ ರಾಸಾಯನಿಕಗಳು ಮೇಲ್ಮೈಗೆ ಬರುವುದು ಟೈರು ಓಡಿ ಬಾಗಿದಾಗ. ಸದಾ ನಿಂತೇ ಇರುವ ಕಾರಿನಲ್ಲಿ ಆ ರಕ್ಷಣೆಯೂ ಕುಂದುತ್ತದೆ. ಮೇಲಿನ ಪಟ್ಟೆಗಳು ಒಂದಿಷ್ಟೂ ಸವೆಯದೆ ಲಕಲಕ ಹೊಳೆಯುತ್ತಿದ್ದರೂ ಒಳಗೆ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರಬಹುದು.

ಈ ಮಾತು ರೇಡಿಯಲ್‌ಗೂ ಅನ್ವಯಿಸುತ್ತದೆ. 2013ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾಲಿವುಡ್ ನಟ ಪಾಲ್ ವಾಕರ್ ಸಾವಿಗೀಡಾದ ಅಪಘಾತದಲ್ಲಿ ಪೋರ್ಶೆ ಕಾರಿನ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದವು. ಅತಿ ವೇಗವೇ ಕಾರಣವೆಂದು ತನಿಖೆ ಹೇಳಿತಾದರೂ, ಹಳೆಯ ಟೈರುಗಳ ವಿಷಯ ಅದರ ವರದಿಯಲ್ಲಿ ದಾಖಲಾಯಿತು. ಆರು ವರ್ಷವಾದ ಟೈರನ್ನು ಬದಲಿಸಬೇಕೆಂದು ಹಲವು ಕಾರು ಕಂಪೆನಿಗಳು ಹೇಳುತ್ತವೆ. ಹತ್ತು ವರ್ಷ ದಾಟಬಾರದೆಂಬುದು ಟೈರು ಕಂಪೆನಿಗಳ ಮಾತು. ವಯಸ್ಸು ತಿಳಿಯುವುದು ಕಷ್ಟವಲ್ಲ. ಟೈರಿನ ಪಕ್ಕದಲ್ಲಿ ‘ಡಿಒಟಿ’ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು, ಅದನ್ನು ನೆಚ್ಚಬಾರದು.

ರೇಡಿಯಲ್ ಹಾಕಿದರೆ ಸಾಲದು

ಆಗಾಗ ಓಡಿಸುವ ಕಾರಿಗೆ, ಅದರಲ್ಲೂ ಮಳೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ, ರೇಡಿಯಲ್ಲೇ ಸರಿ. ಇದರಲ್ಲಿ ಎರಡು ಮಾತಿಗೆ ಆಸ್ಪದವಿಲ್ಲ. ಹಳೆಯ ಗಾತ್ರಗಳಿಗೆ ಇಂದಿನ ಸಮಾನ ಗಾತ್ರಗಳೂ ಇವೆ. ಎಫ್70-14 ಎಂಬಲ್ಲಿ ಅಕ್ಷರ ಭಾರ ಹೊರುವ ಶಕ್ತಿಯನ್ನೂ, 70 ಎಂಬುದು ಅಗಲಕ್ಕೆ ಎತ್ತರದ ಶೇಕಡಾ ಪ್ರಮಾಣವನ್ನೂ, 14 ಎಂಬುದು ರಿಮ್ಮಿನ ಇಂಚನ್ನೂ ತಿಳಿಸುತ್ತವೆ. ಇದಕ್ಕೆ ಸುಮಾರಾಗಿ ಹೊಂದುವುದು 225/70ಆರ್14. ಬಾಸ್ 302 ಮಸ್ಟಾಂಗ್‌ನಲ್ಲಿದ್ದ ಎಫ್60-15ಕ್ಕೆ 235/60ಆರ್15. ಟೈರಿನ ಒಟ್ಟು ಎತ್ತರ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ.

ಹೆಚ್ಚಿನವರು ಮರೆಯುವುದು ವೀಲ್ ಅಲೈನ್‌ಮೆಂಟ್. ಹಳೆಯ ಕೈಪಿಡಿಗಳಲ್ಲಿ ಮುಂಚಕ್ರಗಳ ‘ಕ್ಯಾಸ್ಟರ್’ ಕೋನ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿದೆ. ರೇಡಿಯಲ್ ಟೈರು ನೇರವಾಗಿ ಸಾಗಬೇಕಾದರೆ, ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ, ಮೂರು ಡಿಗ್ರಿಯಷ್ಟಾದರೂ ಬೇಕೆನ್ನುತ್ತಾರೆ ತಜ್ಞ ಮೆಕ್ಯಾನಿಕ್‌ಗಳು. ಕೈಪಿಡಿಯ ಅಳತೆಯನ್ನೇ ಇಟ್ಟು, ‘ರೇಡಿಯಲ್ ಹಾಕಿದರೂ ಕಾರು ಅಲೆಯುತ್ತದೆ’ ಎಂದು ದೂರುವುದು ಟೈರಿಗೆ ಮಾಡುವ ಅನ್ಯಾಯ. ಗಾಳಿಯ ಒತ್ತಡವೂ ಕೈಪಿಡಿಯಲ್ಲಿರುವುದಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಂದೇ ಆಕ್ಸಲ್‌ಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಬಯಾಸ್ ಹಾಕುವುದಂತೂ ಕೂಡದು. ಮುಂದೆ ಮಾತ್ರ ರೇಡಿಯಲ್ ಹಾಕಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಮೊದಲು ಜಾರುತ್ತದೆ.

ರೇಡಿಯಲ್‌ಗೂ ಮಿತಿಯಿದೆ. 14 ಇಂಚಿನಲ್ಲಿ ಇಂದು ಹೆಚ್ಚಿನ ವೇಗಕ್ಕೆ ತಕ್ಕ ಟೈರುಗಳು ವಿರಳ. ಬಹುಜನಪ್ರಿಯವಾದ ಬಿಎಫ್ ಗುಡ್‌ರಿಚ್ ರೇಡಿಯಲ್ ಟಿ/ಎ ‘ಎಸ್’ ದರ್ಜೆಯದು, ಎಂದರೆ ಗಂಟೆಗೆ 180 ಕಿ.ಮೀ.ವರೆಗೆ. ಅದಕ್ಕಿಂತ ಮೇಲಕ್ಕೆ ಹೋಗಬಯಸುವವರು 17 ಇಂಚಿನ ಚಕ್ರ, ದೊಡ್ಡ ಡಿಸ್ಕ್ ಬ್ರೇಕ್ ಹಾಕಿಸುತ್ತಾರೆ. ಬ್ರೇಕು ಚೆನ್ನಾಗಿ ಹಿಡಿಯುತ್ತದೆ; ಕಾರಿನ ಮುಖಲಕ್ಷಣ ಮಾತ್ರ ಬದಲಾಗಿರುತ್ತದೆ. ನೋಟ ಕೆಡಬಾರದೆನ್ನುವವರಿಗಾಗಿ ಕೆಂಪು ಗೆರೆ ಅಥವಾ ಬಿಳಿ ಅಕ್ಷರಗಳಿರುವ, ಹೊರಗೆ ಹಳೆಯ ಟೈರಿನಂತೆಯೇ ಕಾಣುವ ರೇಡಿಯಲ್‌ಗಳೂ ಮಾರುಕಟ್ಟೆಗೆ ಬಂದಿವೆ. ಬೆಲೆ ಹೆಚ್ಚಾದರೂ, ಪ್ರದರ್ಶನದಲ್ಲಿ ಅಂಕಗಳಿಗಾಗಿ ಸ್ಪರ್ಧಿಸದ ಮಾಲೀಕನಿಗೆ ಸದ್ಯ ಇದಕ್ಕಿಂತ ಒಳ್ಳೆಯ ಆಯ್ಕೆ ಕಾಣದು. ಸ್ಪರ್ಧಿಸುವವರು ಎರಡು ಜೊತೆ ರಿಮ್ಮುಗಳನ್ನು ಇಟ್ಟುಕೊಂಡು, ಪ್ರದರ್ಶನಕ್ಕೊಂದು ರಸ್ತೆಗೊಂದು ಎಂದು ಬದಲಿಸುವುದು ವಾಡಿಕೆ.

ಕರ್ನಾಟಕದಲ್ಲಿ ಮಸಲ್ ಕಾರುಗಳು ಅಪರೂಪ. ಆದರೆ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಇದೇ ಪ್ರಶ್ನೆ ಎದುರಾಗುತ್ತದೆ. ಅವೂ ಕ್ರಾಸ್ ಪ್ಲೈ ಟೈರಿನ ಕಾಲದ ಕಾರುಗಳೇ. ಅವರಿಗೂ ಮೊದಲ ಕೆಲಸ ಟೈರಿನ ಪಕ್ಕದ ತಾರೀಖು ಓದುವುದು.

ಕೊನೆಯದಾಗಿ ಡಿಕ್ಕಿಯಲ್ಲಿರುವ ಸ್ಟೆಪ್ನಿ. ನಾಲ್ಕೂ ಚಕ್ರಗಳಿಗೆ ಹೊಸ ಟೈರು ಹಾಕಿಸಿದವರು ಐದನೆಯದನ್ನು ಮರೆಯುವುದುಂಟು. ಎಂದೂ ನೆಲ ಮುಟ್ಟದ, ಕಾರ್ಖಾನೆಯಲ್ಲೇ ಇರಿಸಿದ ಮೂಲ ಸ್ಟೆಪ್ನಿ ಇದ್ದರೆ ಸಂಗ್ರಾಹಕರಿಗೆ ಅದೊಂದು ನಿಧಿ, ಅದನ್ನು ತೆಗೆದೆಸೆಯಬಾರದು. ಆದರೆ ಪಂಕ್ಚರ್ ಆದ ದಿನ ಅದನ್ನು ಚಕ್ರಕ್ಕೆ ಏರಿಸಲೂ ಬಾರದು. ದೂರ ಹೊರಡುವ ಮೊದಲು ಅದನ್ನು ಮನೆಯಲ್ಲಿಳಿಸಿ, ಓಡಬಲ್ಲ ಟೈರೊಂದನ್ನು ಡಿಕ್ಕಿಗೆ ಹಾಕಿಕೊಳ್ಳಬೇಕು.