ಕಂಪನಿಯ ತಂಡ ಊರಿನ ತಂಡವಾದ ಕಥೆ

ಟೋಕಿಯೊದಿಂದ ಈಶಾನ್ಯಕ್ಕೆ, ಪೆಸಿಫಿಕ್ ಕಡಲ ದಂಡೆಯ ಕಾಶಿಮಾದಲ್ಲಿ ಒಂದು ರೈಲು ನಿಲ್ದಾಣವಿದೆ. ಅದರ ಹೆಸರೇ ‘ಕಾಶಿಮಾ ಸಾಕರ್ ಸ್ಟೇಡಿಯಂ’. ಉಳಿದ ದಿನಗಳಲ್ಲಿ ಪ್ರಯಾಣಿಕರ ರೈಲು ಅಲ್ಲಿ ನಿಲ್ಲುವುದಿಲ್ಲ, ಪಂದ್ಯವಿದ್ದ ದಿನ ಮಾತ್ರ ನಿಲ್ಲುತ್ತದೆ. ಅಂದು ಕಡುಗೆಂಪು ಅಂಗಿ ತೊಟ್ಟ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಟ್ಟಿಗೆ ಇಳಿದು ಮೈದಾನದತ್ತ ನಡೆಯುತ್ತಾರೆ. ಒಳಗಿನ ಅಂಗಡಿಗಳಲ್ಲಿ ದೊಡ್ಡ ಪಾತ್ರೆಗಳಲ್ಲಿ ಕುದಿಯುವ ಕರುಳಿನ ಸಾರು, ‘ಮೊತ್ಸು-ನಿ’, ಜಪಾನಿನ ಫುಟ್‌ಬಾಲ್ ಪ್ರಿಯರಿಗೆಲ್ಲ ಗೊತ್ತು. ಅದರ ಬಟ್ಟಲನ್ನು ಕೈಯಲ್ಲಿ ಹಿಡಿದೇ ಜನ ತಮ್ಮ ಜಾಗ ಹುಡುಕಿಕೊಳ್ಳುತ್ತಾರೆ.

ಈ ಊರಿನ ಕ್ಲಬ್ ಕಾಶಿಮಾ ಆಂಟ್ಲರ್ಸ್. 1996ರಿಂದ 2016ರೊಳಗೆ ಅದು ಎಂಟು ಸಲ ಜಪಾನಿನ ಲೀಗ್ ಗೆದ್ದಿತು. ಅಷ್ಟು ಗೆಲುವು ಟೋಕಿಯೊಗೂ ಇಲ್ಲ, ಒಸಾಕಾಗೂ ಇಲ್ಲ. ಲೀಗ್ ಶುರುವಾಗುವ ಕಾಲಕ್ಕೆ ಐವತ್ತು ಸಾವಿರ ಜನರೂ ಇರದಿದ್ದ ಉಕ್ಕಿನ ಕಾರ್ಖಾನೆಯ ಊರು ಇದನ್ನು ಸಾಧಿಸಿದ್ದು ಹೇಗೆ ಎಂದು ಕೇಳುತ್ತ ಹೋದರೆ, ಒಂದು ದೇಶ ಫುಟ್‌ಬಾಲ್ ಲೀಗನ್ನು ಕಟ್ಟಿದ ಬಗೆಯೇ ಬಿಚ್ಚಿಕೊಳ್ಳುತ್ತದೆ.

ಹಾಜರಿ ಪುಸ್ತಕದ ಆಟಗಾರರು

1964ರ ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನ್ ತಂಡವನ್ನು ಸಿದ್ಧಪಡಿಸಲು ಜರ್ಮನಿಯಿಂದ ಡೆಟ್ಮಾರ್ ಕ್ರಾಮರ್ ಎಂಬ ತರಬೇತುದಾರರು ಬಂದಿದ್ದರು. ಹೊರಡುವ ಮುನ್ನ ಅವರು ಕೊಟ್ಟ ಸಲಹೆಗಳಲ್ಲಿ ಒಂದು: ವರ್ಷವಿಡೀ ನಡೆಯುವ ಲೀಗ್ ಬೇಕು, ನಾಲ್ಕಾರು ದಿನದ ಕಪ್ ಟೂರ್ನಿಗಳಿಂದ ಆಟ ಬೆಳೆಯುವುದಿಲ್ಲ. ಮರುವರ್ಷವೇ, 1965ರಲ್ಲಿ, ಎಂಟು ತಂಡಗಳ ಜಪಾನ್ ಸಾಕರ್ ಲೀಗ್ ಆರಂಭವಾಯಿತು. ಎಲ್ಲವೂ ಸಂಸ್ಥೆಗಳ ತಂಡಗಳು. ಮಿತ್ಸುಬಿಷಿ, ಹಿಟಾಚಿ, ಫುರುಕಾವಾ ಎಲೆಕ್ಟ್ರಿಕ್, ಯಾನ್ಮಾರ್, ಯವಾಟಾ ಸ್ಟೀಲ್, ಜತೆಗೆ ನಗೋಯಾದ ಒಂದು ಬ್ಯಾಂಕ್. ಮೊದಲ ನಾಲ್ಕು ವರ್ಷ ಸತತವಾಗಿ ಗೆದ್ದ ತೋಯೊ ಕೋಗ್ಯೊ ಎಂದರೆ ಇಂದಿನ ಮಜ್ದಾ ಕಾರು ಕಂಪನಿ.

ಆಟಗಾರರು ನೌಕರರು. ಹಾಜರಿ ಹಾಕಿ ಕೆಲಸ ಮಾಡಿ, ಆಮೇಲೆ ಅಭ್ಯಾಸಕ್ಕೆ ಇಳಿಯುತ್ತಿದ್ದರು. ಅಂಥವರದೇ ತಂಡ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿತು. ಯಾನ್ಮಾರ್‌ನ ಕುನಿಶಿಗೆ ಕಮಾಮೊಟೊ ಏಳು ಗೋಲು ಹೊಡೆದು ಆ ಕೂಟದ ಅಗ್ರ ಸ್ಕೋರರ್ ಆದರು. ಆದರೆ ಆ ಬೆಳಕು ಬಹುಕಾಲ ಉಳಿಯಲಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಲೀಗ್ ಪಂದ್ಯಗಳಲ್ಲಿ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಹಿಟಾಚಿಯ ನೌಕರ ಅಲ್ಲದವನಿಗೆ ಹಿಟಾಚಿ ಗೆದ್ದರೇನು, ಸೋತರೇನು?

ಬೆಂಗಳೂರಿನವರಿಗೆ ಈ ವ್ಯವಸ್ಥೆ ಹೊಸದಲ್ಲ. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡುತ್ತಲೇ ನಮ್ಮಲ್ಲಿ ಒಂದು ತಲೆಮಾರು ಫುಟ್‌ಬಾಲ್ ಕಲಿತಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ, ಅದೇ ಕೂಟದಲ್ಲಿ ಜಪಾನನ್ನು 2–0ರಿಂದ ಸೋಲಿಸಿತ್ತು. ಆಗ ನಾವು ಮುಂದಿದ್ದೆವು. ಆಮೇಲೆ ದಾರಿಗಳು ಕವಲೊಡೆದವು. ನಮ್ಮ ರಾಷ್ಟ್ರೀಯ ಲೀಗಿನ ಮೊಟ್ಟಮೊದಲ ಚಾಂಪಿಯನ್, ಫಗ್ವಾರಾದ ಜೆಸಿಟಿ ಮಿಲ್ಸ್, 2011ರಲ್ಲಿ ತಂಡವನ್ನೇ ಮುಚ್ಚಿತು. 2005–06ರಲ್ಲಿ ಅದೇ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲೇ ಇಲ್ಲವಾಗಿತ್ತು. ಆಡಳಿತ ಮಂಡಳಿಯ ಒಂದು ನಿರ್ಣಯಕ್ಕೆ ಚಾಂಪಿಯನ್ ತಂಡಗಳು ಅಳಿಸಿಹೋದವು. ಕಂಪನಿಯ ತಂಡದ ದೌರ್ಬಲ್ಯ ಇರುವುದೇ ಇಲ್ಲಿ.

ಕವಾಬುಚಿ ಹಿಡಿದ ಹಟ

ಫುರುಕಾವಾ ಎಲೆಕ್ಟ್ರಿಕ್‌ನಲ್ಲಿ ನೌಕರಿ ಮಾಡುತ್ತಲೇ ಆಡಿದವರು ಸಬುರೊ ಕವಾಬುಚಿ. 1964ರ ಒಲಿಂಪಿಕ್ಸ್‌ನಲ್ಲಿ ಜಪಾನ್ ಅರ್ಜೆಂಟೀನಾವನ್ನು 3–2ರಿಂದ ಮಣಿಸಿದಾಗ ಒಂದು ಗೋಲು ಅವರದು. ಅದಕ್ಕೂ ಮೊದಲು, 1960ರಲ್ಲಿ, ರಾಷ್ಟ್ರೀಯ ತಂಡದೊಂದಿಗೆ ಜರ್ಮನಿಯ ಡುಯಿಸ್‌ಬರ್ಗ್ ಕ್ರೀಡಾ ಶಾಲೆಗೆ ಹೋಗಿದ್ದರು. ಸಾಲುಸಾಲು ಹುಲ್ಲಿನ ಮೈದಾನಗಳು, ಅಲ್ಲಿ ವಯಸ್ಸಿನ ಭೇದವಿಲ್ಲದೆ ಆಡುವ ಜನ. ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದ ಹುಡುಗನ ಮನಸ್ಸಿನಲ್ಲಿ ಆ ಹಸಿರು ನಿಂತುಬಿಟ್ಟಿತು. ಮೂವತ್ತು ವರ್ಷಗಳ ನಂತರ ವೃತ್ತಿಪರ ಲೀಗ್ ಕಟ್ಟುವ ಹೊಣೆ ಅವರ ಹೆಗಲಿಗೇ ಬಂತು.

1991ರಲ್ಲಿ ಸ್ಥಾಪನೆಯಾದ ಜೆ.ಲೀಗ್ ಸೇರಲು ಕ್ಲಬ್ಬುಗಳಿಗೆ ಹಾಕಿದ ಷರತ್ತುಗಳು ಕಠಿಣವಾಗಿದ್ದವು. ಪ್ರತ್ಯೇಕ ಕಂಪನಿಯಾಗಿ ನೋಂದಾಯಿಸಿಕೊಳ್ಳಬೇಕು. ಹದಿನೈದು ಸಾವಿರ ಜನ ಕೂರುವ, ದೀಪಗಳಿರುವ ಕ್ರೀಡಾಂಗಣ ಇರಬೇಕು. ಕಿರಿಯರ ತಂಡಗಳನ್ನು ಸಾಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಂಡದ ಹೆಸರಿನಲ್ಲಿ ಕಂಪನಿಯ ಹೆಸರು ಇರಕೂಡದು; ಊರಿನ ಹೆಸರು ಇರಬೇಕು, ಆ ಊರಿನೊಂದಿಗೆ ಬೆರೆತು ಬಾಳಬೇಕು.

ಜಪಾನಿನ ಜನಪ್ರಿಯ ಆಟ ಬೇಸ್‌ಬಾಲ್. ಅಲ್ಲಿ ಯೊಮಿಯುರಿ ಜೈಂಟ್ಸ್, ಹ್ಯಾನ್‌ಶಿನ್ ಟೈಗರ್ಸ್ ಎಂದು ಕಂಪನಿಗಳ ಹೆಸರೇ ರಾರಾಜಿಸುತ್ತದೆ. ಹಣ ಹಾಕುವವರು ನಾವು, ಹೆಸರು ಮಾತ್ರ ಬೇಡವೇ ಎಂದು ಯೊಮಿಯುರಿ ಪತ್ರಿಕಾ ಸಮೂಹ ಕೆಂಡ ಕಾರಿತು. ಅದು ಸಾಕಿದ ವೆರ್ಡಿ ಕವಾಸಾಕಿ ಆಗಿನ ತಾರಾಬಳಗ, ಮೊದಲೆರಡು ವರ್ಷದ ಚಾಂಪಿಯನ್. ಕವಾಬುಚಿ ಜಗ್ಗಲಿಲ್ಲ. ನನ್ನ ಕಣ್ಣಿಗೆ ಜಪಾನಿನ ಫುಟ್‌ಬಾಲ್ ಇತಿಹಾಸದ ಅತಿ ದೊಡ್ಡ ಗೆಲುವು ಇದೇ. ಟೊಯೊಟಾದ ತಂಡ ನಗೋಯಾ ಗ್ರಾಂಪಸ್ ಆಯಿತು. ನಮ್ಮ ಬಿಡದಿಯಲ್ಲಿ ಕಾರು ಮಾಡುವ ಅದೇ ಟೊಯೊಟಾ. ನಿಸಾನ್ ಯೊಕೊಹಾಮಾ ಮರಿನೋಸ್ ಆಯಿತು, ಮಿತ್ಸುಬಿಷಿ ಉರಾವಾ ರೆಡ್ ಡೈಮಂಡ್ಸ್, ಮಜ್ದಾ ಸಾನ್‌ಫ್ರೆಚೆ ಹಿರೊಷಿಮಾ.

ಮತ್ತು ಸುಮಿಟೊಮೊ ಮೆಟಲ್ಸ್ ಕಾಶಿಮಾ ಆಂಟ್ಲರ್ಸ್ ಆಯಿತು. ಎರಡನೇ ದರ್ಜೆಯಲ್ಲಿದ್ದ ಆ ತಂಡಕ್ಕೆ ಪ್ರವೇಶ ಸಿಗುವ ಸಾಧ್ಯತೆ ಶೇ 99.9999ರಷ್ಟು ಇಲ್ಲವೆಂದೇ ಕವಾಬುಚಿ ಹೇಳಿದ್ದರು. ಹದಿನೈದು ಸಾವಿರ ಆಸನಗಳ, ಮೇಲ್ಛಾವಣಿ ಇರುವ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಿದರೆ ನೋಡೋಣ ಎಂದೂ ಸೇರಿಸಿದ್ದರು. ಕಾಶಿಮಾ ಕಟ್ಟಿಯೇ ಬಿಟ್ಟಿತು. 1991ರಲ್ಲೇ ಬ್ರೆಜಿಲ್‌ನ ಜೀಕೊ ಈ ತಂಡ ಸೇರಿಕೊಂಡಿದ್ದರು, ತಮ್ಮ ದೇಶದ ಕ್ರೀಡಾ ಖಾತೆ ನೋಡಿಕೊಂಡು ಬಂದ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ.

1993ರ ಮೇ 15ರ ಸಂಜೆ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ 59,626 ಜನರ ಮುಂದೆ ಉದ್ಘಾಟನಾ ಪಂದ್ಯ ನಡೆಯಿತು. ಮರಿನೋಸ್ 2–1ರಿಂದ ವೆರ್ಡಿಯನ್ನು ಸೋಲಿಸಿತು. ಮರುದಿನ ಕಾಶಿಮಾದ ಹೊಸ ಕ್ರೀಡಾಂಗಣಕ್ಕೆ ಇಂಗ್ಲೆಂಡಿನ ಗ್ಯಾರಿ ಲಿನೆಕರ್ ಅವರಿದ್ದ ನಗೋಯಾ ಬಂತು. ನಲವತ್ತರ ಜೀಕೊ ಮೂರು ಗೋಲು ಹೊಡೆದರು, ಕಾಶಿಮಾ 5–0ರಿಂದ ಗೆದ್ದಿತು. ಕ್ರೀಡಾಂಗಣದ ಬಳಿ ಜೀಕೊ ಪ್ರತಿಮೆ ಇಂದಿಗೂ ಇದೆ. ಕ್ಲಬ್ಬಿನ ಒಡೆತನ ಮಾತ್ರ ಕೈ ಬದಲಿಸಿದೆ. ಸುಮಿಟೊಮೊ ಮೆಟಲ್ಸ್ ನಿಪ್ಪಾನ್ ಸ್ಟೀಲ್‌ನೊಳಗೆ ಲೀನವಾಯಿತು, 2019ರಲ್ಲಿ ಮೆರ್ಕಾರಿ ಎಂಬ ಆನ್‌ಲೈನ್ ಮಾರುಕಟ್ಟೆ ಕಂಪನಿ ಕ್ಲಬ್ಬನ್ನು ಕೊಂಡಿತು. ಊರಿನ ಹೆಸರು, ಅಂಗಿಯ ಬಣ್ಣ, ಹಾಡುವ ಜನ ಯಾವುದೂ ಬದಲಾಗಲಿಲ್ಲ.

ಏಣಿ ಇಟ್ಟ ವರ್ಷ

ಹತ್ತು ಕ್ಲಬ್ಬುಗಳಿಂದ ಹೊರಟ ಲೀಗಿನಲ್ಲಿ ಮೊದಲು ಡ್ರಾ ಎಂಬುದೇ ಇರಲಿಲ್ಲ. ತೊಂಬತ್ತು ನಿಮಿಷದಲ್ಲಿ ಇತ್ಯರ್ಥವಾಗದಿದ್ದರೆ ಹೆಚ್ಚುವರಿ ಅವಧಿ, ಅಲ್ಲಿ ಮೊದಲು ಗೋಲು ಹೊಡೆದವರಿಗೆ ಜಯ, ಅದೂ ಆಗದಿದ್ದರೆ ಪೆನಾಲ್ಟಿ. ಹೊಸಬರನ್ನು ಸೆಳೆಯಲು ಇದು ಬೇಕಿತ್ತೇನೋ. 1999ರಲ್ಲಿ ಎರಡನೇ ದರ್ಜೆಯ ಜೆ2 ಆರಂಭವಾಗಿ, ಬಡ್ತಿ ಮತ್ತು ಹಿಂಬಡ್ತಿ ಬಂದ ಮೇಲೆ ಆಟಕ್ಕೆ ನಿಜವಾದ ಬಿಸಿ ಹತ್ತಿತು.

ಆ ವರ್ಷದ ಕೊನೆಯ ಸುತ್ತು, ನವೆಂಬರ್ 27. ಉರಾವಾ ತನ್ನ ಮೈದಾನದಲ್ಲಿ ಹಿರೊಷಿಮಾ ಎದುರು ಆಡುತ್ತಿತ್ತು. ನಿಗದಿತ ಅವಧಿಯಲ್ಲಿ ಗೆದ್ದರೆ ಮೂರು ಅಂಕ, ಹೆಚ್ಚುವರಿ ಅವಧಿಯಲ್ಲಿ ಗೆದ್ದರೆ ಎರಡೇ. ಮೊದಲ ದರ್ಜೆಯಾದ ಜೆ1ರಲ್ಲಿ ಉಳಿಯಲು ಉರಾವಾಗೆ ಮೂರೂ ಬೇಕಿತ್ತು. ತೊಂಬತ್ತು ನಿಮಿಷ ಮುಗಿದಾಗ 0–0. ಹಿಂಬಡ್ತಿ ಖಚಿತವಾಯಿತು, ಆದರೂ ನಿಯಮದಂತೆ ಆಟ ಮುಂದುವರಿಯಲೇಬೇಕು. ಹೆಚ್ಚುವರಿ ಅವಧಿಯಲ್ಲಿ ಮಸಾಹಿರೊ ಫುಕುಡಾ ಚೆಂಡನ್ನು ಬಲೆಗೆ ತಳ್ಳಿದರು. ಗೆಲುವಿನ ಗೋಲು. ಓಡಿಬಂದು ತಬ್ಬಿಕೊಂಡ ಜತೆಗಾರನನ್ನು ಅವರು ಕೊಡವಿಕೊಂಡರು. ಅಂಕ ಸಮವಾದರೂ ಗೋಲುಗಳ ಅಂತರದಲ್ಲಿ ಒಂದೇ ಒಂದು ಗೋಲು ಕಡಿಮೆಯಾಗಿ ಉರಾವಾ ಕೆಳಗಿಳಿಯಿತು. ಜಗತ್ತಿನ ಅತ್ಯಂತ ದುಃಖದ ಗೆಲುವಿನ ಗೋಲು ಎಂದು ಜಪಾನಿನಲ್ಲಿ ಅದನ್ನು ಈಗಲೂ ನೆನೆಯುತ್ತಾರೆ. ಅಭಿಮಾನಿಗಳು ಕೈಬಿಡಲಿಲ್ಲ. ಒಂದೇ ವರ್ಷದಲ್ಲಿ ತಂಡ ಮೇಲೆ ಬಂತು, 2006ರಲ್ಲಿ ಲೀಗ್ ಗೆದ್ದಿತು, 2007ರಲ್ಲಿ ಏಷ್ಯಾದ ಚಾಂಪಿಯನ್ ಆಯಿತು.

ಈ ಏಣಿಯಾಟದಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಕಾಶಿವಾ ರೇಸೋಲ್ 2010ರಲ್ಲಿ ಜೆ2 ಗೆದ್ದು, ಮರುವರ್ಷ ಜೆ1 ಅನ್ನೇ ಗೆದ್ದಿತು. ಗಾಂಬಾ ಒಸಾಕಾ 2012ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದೂ ಕೆಳಗಿಳಿಯಿತು. 2014ರಲ್ಲಿ ದೇಶದ ಮೂರೂ ದೊಡ್ಡ ಪ್ರಶಸ್ತಿಗಳನ್ನು ಬಾಚಿಕೊಂಡಿತು. 2024ರಿಂದ ಜೆ1, ಜೆ2, ಜೆ3 ಮೂರರಲ್ಲೂ ತಲಾ 20 ಕ್ಲಬ್. ಪ್ರತಿ ತಂಡಕ್ಕೆ 38 ಪಂದ್ಯ. ಜೆ1ರ ಕೊನೆಯ ಮೂರು ತಂಡ ಕೆಳಕ್ಕೆ. ಜೆ2ರ ಮೊದಲೆರಡು ನೇರ ಮೇಲಕ್ಕೆ, ಮೂರರಿಂದ ಆರನೇ ಸ್ಥಾನದವರು ಉಳಿದ ಒಂದು ಜಾಗಕ್ಕೆ ಪ್ಲೇಆಫ್‌ನಲ್ಲಿ ಸೆಣಸುತ್ತಾರೆ. ಪ್ರಸಾರದ ಹಕ್ಕನ್ನು ಲೀಗೇ ಒಟ್ಟಾಗಿ ಮಾರಿ ಹಂಚುತ್ತದೆ. ಅಂತರಜಾಲ ಪ್ರಸಾರ ಕಂಪನಿ ಡಜೋನ್ ಜತೆ 2017ರಿಂದ ಜಾರಿಗೆ ಬಂದ ಹತ್ತು ವರ್ಷದ ಒಪ್ಪಂದದ ಮೂಲ ಮೊತ್ತ 21,000 ಕೋಟಿ ಯೆನ್ ಆಗಿತ್ತು.

ಒಂದು ಕ್ಲಬ್ಬಿನ ಸಾವು

ಹೆಸರು ತೆಗೆದ ಮಾತ್ರಕ್ಕೆ ಕಂಪನಿಯ ಹಿಡಿತ ಸಡಿಲವಾಗಿರಲಿಲ್ಲ. ಆರ್ಥಿಕ ಗುಳ್ಳೆ ಒಡೆದ ಜಪಾನಿನಲ್ಲಿ 1994ರಲ್ಲಿ ಪಂದ್ಯಕ್ಕೆ ಸರಾಸರಿ ಹತ್ತೊಂಬತ್ತೂವರೆ ಸಾವಿರವಿದ್ದ ಪ್ರೇಕ್ಷಕರು 1997ರಲ್ಲಿ ಹತ್ತು ಸಾವಿರಕ್ಕೆ ಕುಸಿದರು. 1998ರ ಅಕ್ಟೋಬರ್ 29ರಂದು ಯೊಕೊಹಾಮಾ ಫ್ಲ್ಯೂಗೆಲ್ಸ್ ಎದುರಾಳಿ ಮರಿನೋಸ್‌ನಲ್ಲಿ ವಿಲೀನವಾಗುತ್ತದೆ ಎಂಬ ಸುದ್ದಿ ಹೊರಬಿತ್ತು. ಪ್ರಾಯೋಜಕರಲ್ಲಿ ಒಬ್ಬರಾದ ನಿರ್ಮಾಣ ಕಂಪನಿ ಕೈತೊಳೆದುಕೊಂಡಿತ್ತು, ಜತೆಗಿದ್ದ ವಿಮಾನಯಾನ ಕಂಪನಿಗೆ ಒಬ್ಬಂಟಿಯಾಗಿ ಭಾರ ಹೊರುವುದು ಬೇಕಿರಲಿಲ್ಲ. ಅಭಿಮಾನಿಗಳು ಬೀದಿಗಿಳಿದು ಸಹಿ ಸಂಗ್ರಹಿಸಿದರು. ಆಟಗಾರರು ಸೋತವರು ಹೊರಬೀಳುವ ಎಂಪರರ್ಸ್ ಕಪ್ ಟೂರ್ನಿಯಲ್ಲಿ ಆಡುತ್ತಲೇ ಹೋದರು. ಸೋತ ದಿನವೇ ಕ್ಲಬ್ಬಿನ ಕೊನೆಯ ದಿನ ಎಂದು ಗೊತ್ತಿದ್ದವರು ಸೋಲಲೇ ಇಲ್ಲ. 1999ರ ಜನವರಿ 1ರಂದು ಶಿಮಿಜು ಎಸ್-ಪಲ್ಸ್ ವಿರುದ್ಧ ಫೈನಲ್ಲನ್ನು 2–1ರಿಂದ ಗೆದ್ದು, ಕಪ್ ಎತ್ತಿಹಿಡಿದು, ಚದುರಿದರು.

ಮರಿನೋಸ್ ತನ್ನ ಹೆಸರಿಗೆ ‘ಎಫ್’ ಅಕ್ಷರ ಸೇರಿಸಿಕೊಂಡಿತು. ಫ್ಲ್ಯೂಗೆಲ್ಸ್ ಅಭಿಮಾನಿಗಳಿಗೆ ಅದು ಸಾಲಲಿಲ್ಲ. ಅವರೇ ಹಣ ಕೂಡಿಸಿ ಯೊಕೊಹಾಮಾ ಎಫ್‌ಸಿ ಕಟ್ಟಿದರು. ಆ ಕ್ಲಬ್ 2007ರಲ್ಲಿ ಜೆ1 ತಲುಪಿತು. ಲೀಗ್ ಕೂಡ ಪಾಠ ಕಲಿತಿತು. 2013ರಿಂದ ಪರವಾನಗಿ ಪದ್ಧತಿ ಬಂತು. ಸತತ ಮೂರು ವರ್ಷ ನಷ್ಟ ತೋರಿಸಿದರೆ ಅಥವಾ ಆಸ್ತಿಗಿಂತ ಸಾಲ ಮೀರಿದರೆ ಪರವಾನಗಿ ಇಲ್ಲ ಎಂಬುದು ಆಗ ತಂದ ನಿಯಮ.

ಹಿಮದ ನಾಡಿನ ಪ್ರಶ್ನೆ

1996ರಲ್ಲಿ ಲೀಗ್ ‘ನೂರು ವರ್ಷದ ಯೋಜನೆ’ ಎಂದು ಘೋಷಿಸಿದಾಗ ಅದರಲ್ಲಿದ್ದದ್ದು ಕಪ್ಪುಗಳ ಲೆಕ್ಕವಲ್ಲ. ಊರೂರಿಗೆ ಹುಲ್ಲಿನ ಮೈದಾನ, ಎಲ್ಲರಿಗೂ ಎಟಕುವ ಆಟ. ನಿಗಾಟದಲ್ಲಿ ಅದು ಹೇಗೆ ಕೈಗೂಡಿತು ಎಂದು ನೋಡಬೇಕು. ಫುಟ್‌ಬಾಲ್‌ನ ಗಂಧವೇ ಇರದ ಭತ್ತದ ನಾಡು ಅದು. 2002ರ ವಿಶ್ವಕಪ್‌ಗೆಂದು ಕಟ್ಟಿದ ದೊಡ್ಡ ಕ್ರೀಡಾಂಗಣ ತುಂಬಿಸಲು ಆಲ್ಬಿರೆಕ್ಸ್ ಕ್ಲಬ್ ಬಡಾವಣೆಯ ಸಂಘಗಳ ಮೂಲಕ ಮನೆಮನೆಗೆ ಉಚಿತ ಟಿಕೆಟ್ ಹಂಚಿತು. ಒಮ್ಮೆ ಬಂದವರು ಮತ್ತೆ ಬಂದರು, ಆಮೇಲೆ ದುಡ್ಡು ಕೊಟ್ಟು ಬಂದರು. 2005ರಲ್ಲಿ ಅಲ್ಲಿನ ಸರಾಸರಿ ಪ್ರೇಕ್ಷಕರು ನಲವತ್ತು ಸಾವಿರ ದಾಟಿದರು.

ಅದೇ ನಿಗಾಟಕ್ಕೆ ಈಗ ಹೊಸ ಚಿಂತೆ. ಇಷ್ಟು ವರ್ಷ ವಸಂತದಲ್ಲಿ ಶುರುವಾಗಿ ಚಳಿಗೆ ಮೊದಲು ಮುಗಿಯುತ್ತಿದ್ದ ಋತುವನ್ನು ಲೀಗ್ 2026–27ರಿಂದ ಯುರೋಪಿನಂತೆ ಆಗಸ್ಟ್‌ನಿಂದ ಜೂನ್‌ವರೆಗೆ ನಡೆಸಲು ತೀರ್ಮಾನಿಸಿದೆ. ಆಟಗಾರರ ವರ್ಗಾವಣೆಗೂ ಏಷ್ಯಾ ಮಟ್ಟದ ಟೂರ್ನಿಗೂ ಇದು ಅನುಕೂಲ, ಬೇಸಿಗೆಯ ಸುಡುಬಿಸಿಲಿನ ಪಂದ್ಯಗಳೂ ಕಡಿಮೆಯಾಗುತ್ತವೆ. ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ ವಿರಾಮವನ್ನೂ ಇಟ್ಟಿದ್ದಾರೆ. ಆದರೆ ನಿಗಾಟದಂಥ ಜಪಾನ್ ಸಮುದ್ರದ ದಂಡೆಯ ಊರುಗಳಲ್ಲಿ, ಹೊಕ್ಕೈಡೊದಲ್ಲಿ ಹಿಮ ಕ್ಯಾಲೆಂಡರ್ ನೋಡಿ ಬೀಳುವುದಿಲ್ಲ. ಅಭ್ಯಾಸದ ಮೈದಾನ ಹಿಮದಡಿ ಹೂತುಹೋದರೆ ಕ್ಲಬ್ಬು ವಾರಗಟ್ಟಲೆ ದಕ್ಷಿಣದಲ್ಲಿ ಬೀಡುಬಿಡಬೇಕು, ಅದರ ಖರ್ಚು ಸಣ್ಣ ಕ್ಲಬ್ಬಿಗೆ ದೊಡ್ಡದು. ಊರಿನ ಜನರ ಜತೆ ಬೆರೆತು ಬಾಳಬೇಕೆಂದು ನಿಯಮ ಬರೆದ ಲೀಗ್, ವಾರಗಟ್ಟಲೆ ಊರು ಬಿಟ್ಟಿರಬೇಕಾದ ಕ್ಲಬ್ಬುಗಳಿಗೆ ಏನು ಮಾಡುತ್ತದೆ ಎಂಬುದನ್ನು ಉತ್ತರದವರು ಕೇಳುತ್ತಲೇ ಇದ್ದಾರೆ. ಹಿಮ ತಡೆಯುವ ಒಳಾಂಗಣ ಅಭ್ಯಾಸ ಕೇಂದ್ರಗಳಿಗೆ ಲೀಗ್ ಎಷ್ಟು ಹಣ ಬಿಚ್ಚುತ್ತದೆ ಎನ್ನುವುದರ ಮೇಲೆ ಅದರ ಉತ್ತರ ನಿಂತಿದೆ.